ಸೇತುವೆ ದಾಟದ ಪ್ರೊಫೆಸರು

ನಮ್ಮೂರಿನಲ್ಲಿ ಹಲ್ಲಿನ ಡಾಕ್ಟರಾಗಿ ಬಾಳುವೆ ಮಾಡುವುದು ಸುಲಭವಲ್ಲ. ಬೇರೆ ಊರಿನ ಡಾಕ್ಟರುಗಳು ಇಕ್ಕಳವನ್ನು ಬೆನ್ನ ಹಿಂದೆ ಹಿಡಿದುಕೊಂಡು "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗಿರುತ್ತೆ ಅಷ್ಟೇ" ಎಂದು ಹೇಳಿ ಕೆಲಸ ಮುಗಿಸಿಬಿಡುತ್ತಾರೆ. ನಾನು ಹಾಗೆ ಹೇಳಲು ಹೋದರೆ ಮಾತು ಮುಗಿಯುವ ಮೊದಲೇ ಬಿಕ್ಕಳಿಕೆ ಬರುತ್ತದೆ. ಬಿಕ್ಕಳಿಸುತ್ತಿರುವ ಡಾಕ್ಟರ ಕೈಗೆ ಬಾಯಿ ಒಪ್ಪಿಸುವವರು ಯಾರು? ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: "ನೋವಾಗುತ್ತೆ. ಸೂಜಿ ಚುಚ್ಚುವಾಗ ಜಾಸ್ತಿ, ಆಮೇಲೆ ಕಡಿಮೆ. ಕೀಳಲಾ, ಬೇಡವಾ?" ಅರ್ಧ ಜನ ಎದ್ದು ಮನೆಗೆ ಹೋಗುತ್ತಾರೆ. ಕೆನ್ನೆ ಊದಿಕೊಂಡ ಮೇಲೆ ಅವರೇ ವಾಪಸು ಬರುತ್ತಾರೆ.

ಕಾಲುವೆ ಸೇತುವೆಯ ಈಚೆಗಿರುವ ಯಾರೇ ಆಗಲಿ, ಎದುರಿಗಿರುವವರನ್ನು ನಂಬಿಸಬೇಕೆಂದು ಸುಳ್ಳು ಹೇಳಿದರೆ ಬಿಕ್ಕಳಿಕೆ. ಇಲ್ಲೇ ಹುಟ್ಟಿದವರಿಗೂ ಅಷ್ಟೇ, ಈಗ ತಾನೇ ಬಸ್ಸಿಳಿದವರಿಗೂ ಅಷ್ಟೇ. ಸೇತುವೆ ದಾಟಿ ಆಚೆ ದಡ ಸೇರಿದರೆ ನಿಂತುಹೋಗುತ್ತದೆ. ಹೊಸಬರು ಬಿಕ್ಕಳಿಸಿ ಮುಜುಗರಪಟ್ಟುಕೊಂಡು "ಯಾರೋ ನೆನೆಸ್ಕೊತಿದಾರೆ ಅನ್ಸುತ್ತೆ" ಎನ್ನುತ್ತಾರೆ, ಅದಕ್ಕೂ ಒಂದು ಬಿಕ್ಕಳಿಕೆ ಬರುತ್ತದೆ. ನಾವು ಅವರ ಮುಂದೆ ಒಂದು ಲೋಟ ನೀರಿಟ್ಟು ಕಿಟಕಿಯ ಕಡೆ ನೋಡುತ್ತೇವೆ. ಬಿಕ್ಕಳಿಸಿದವರ ಮುಖ ನೋಡುವುದು ನಮ್ಮಲ್ಲಿ ಮರ್ಯಾದೆಯಲ್ಲ.

ಇದಕ್ಕೆ ಹೊಂದಿಕೊಂಡೇ ಬದುಕುತ್ತೇವೆ. ಸೀರೆ ಅಂಗಡಿಯವರು "ನಿಮಗೆ ಒಪ್ಪುತ್ತೆ" ಎನ್ನುವುದಿಲ್ಲ, "ಇದು ಹೊಸ ಬಣ್ಣ" ಎನ್ನುತ್ತಾರೆ. ಮದುವೆ ಮನೆಯಿಂದ ಹೊರಡುವಾಗ "ಊಟ ಬಿಸಿಯಾಗಿತ್ತು" ಎಂದು ಹೇಳುವುದು ವಾಡಿಕೆ. ಶ್ರದ್ಧಾಂಜಲಿ ಸಭೆಗಳು ಬೇಗ ಮುಗಿಯುತ್ತವೆ. ಚುನಾವಣೆ ಬಂದರೆ ಅಭ್ಯರ್ಥಿಗಳು ಆಚೆ ದಡದಲ್ಲಿ ವೇದಿಕೆ ಹಾಕಿಸಿ ಧ್ವನಿವರ್ಧಕಗಳ ಮೂತಿಯನ್ನು ಊರಿನ ಕಡೆ ತಿರುಗಿಸಿಕೊಂಡು ಭಾಷಣ ಮಾಡುತ್ತಾರೆ. ಆಚೆಯಿಂದ ಬರುವ ಪೇಪರು, ರೇಡಿಯೋಗಳನ್ನು ನಾವು ನಾಟಕದ ಲೆಕ್ಕದಲ್ಲಿ ಇಟ್ಟಿದ್ದೇವೆ. ಆದರೆ ಕಣ್ಣೆದುರು ನಿಂತ ಮನುಷ್ಯ ಬಿಕ್ಕಳಿಸದೆ ಏನಾದರೂ ಹೇಳಿದನೆಂದರೆ ಮುಗಿಯಿತು, ಅದು ನಿಜ. ಅದನ್ನು ಅನುಮಾನಿಸುವ ಅಭ್ಯಾಸವೇ ನಮಗಿರಲಿಲ್ಲ. ಆಚೆ ಕಡೆಯವರು ದಿನಕ್ಕೆ ಹತ್ತಾರು ಸುಳ್ಳು ಕೇಳಿ ಗಟ್ಟಿಯಾಗಿರುತ್ತಾರೆ. ನಮ್ಮದು ಬಿಸಿಲು ಕಾಣದ ಚರ್ಮ.

ಆ ವರ್ಷ ದೂರದ ಯಾವುದೋ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದಿಂದ ಪ್ರೊಫೆಸರ್ ಹೇರಂಬ ರಾವ್ ಎನ್ನುವವರು ನಮ್ಮೂರಿಗೆ ಬಂದರು. ಬಂದರು ಎಂದರೆ ಪೂರ್ತಿ ಬರಲಿಲ್ಲ, ಸೇತುವೆಯ ಆಚೆಗಿರುವ ಲಾಡ್ಜಿನಲ್ಲೇ ಉಳಿದುಕೊಂಡರು. ಈಚೆ ಕಡೆ ನನ್ನ ಕ್ಲಿನಿಕ್ಕಿನ ಮಹಡಿಯ ಮೇಲಿದ್ದ ಕೋಣೆ ಹಿಡಿದು, ಒಂದು ಕಂಪ್ಯೂಟರು ಇಟ್ಟು, ತಮ್ಮ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ನಸೀಮಾ ಎಂಬ ಹುಡುಗಿಯನ್ನು ಕೂರಿಸಿದರು. ನಸೀಮಾ ಒಳ್ಳೆಯ ಹುಡುಗಿ. ಸಂಜೆ ಕೆಳಗಿಳಿದು ಬಂದು ನನ್ನ ಜೊತೆ ಟೀ ಕುಡಿಯುತ್ತಿದ್ದಳು. "ನಿಮ್ಮ ಪ್ರೊಫೆಸರು ಯಾಕಮ್ಮ ಈ ಕಡೆ ತಲೆ ಹಾಕಲ್ಲ?" ಎಂದು ನಾನು ಕೇಳಿದ್ದಕ್ಕೆ "ಅವರಿಗೆ ಏಸಿ ಇಲ್ದೆ ಆಗಲ್ಲ ಡಾಕ್ಟ್ರೇ" ಎಂದಳು. ಬಿಕ್ಕಳಿಕೆ ಬರಲಿಲ್ಲ, ಹಾಗಾಗಿ ನಾನೂ ನಂಬಿದೆ.

ಸಂಶೋಧನೆಯ ಹೆಸರು 'ಸ್ವಭಾವ ಮಾಪನ'. ಪಾಲ್ಗೊಂಡವರಿಗೆ ಒಂದು ಸ್ಟೀಲಿನ ಟಿಫಿನ್ ಕ್ಯಾರಿಯರ್ ಉಡುಗೊರೆ. ಅದರ ಸುದ್ದಿ ಹಬ್ಬಿದ್ದೇ ತಡ, ನನ್ನ ರೋಗಿಗಳು ಕೂರುವ ಬೆಂಚಿನ ಮೇಲೆ ಹಲ್ಲು ನೋವೇ ಇಲ್ಲದ ಜನ ತುಂಬಿಕೊಂಡರು. ಸಹಿ ಹಾಕುವ ಮುನ್ನ ನಸೀಮಾ ಒಪ್ಪಿಗೆ ಪತ್ರವನ್ನು ಗಟ್ಟಿಯಾಗಿ ಓದಿ ಹೇಳಬೇಕಿತ್ತು. "ಸದರಿ ಅಧ್ಯಯನದಲ್ಲಿ ಸ್ವಇಚ್ಛೆಯಿಂದ ಪಾಲ್ಗೊಳ್ಳುವುದರ ಪರಿಣಾಮವಾಗಿ ಉಂಟಾಗಬಹುದಾದ ಅತ್ಯಲ್ಪ ಮಾನಸಿಕ ಅಸೌಕರ್ಯವನ್ನು..." ಎಂದು ಅವಳು ಶುರುಮಾಡಿದರೆ, ಕೇಳುತ್ತಿದ್ದವರು "ಡಬ್ಬಿ ಮೂರು ಅಂತಸ್ತಿಂದಾ, ನಾಲ್ಕು ಅಂತಸ್ತಿಂದಾ?" ಎಂದು ಕೇಳುತ್ತಿದ್ದರು. "ಇಷ್ಟವಿಲ್ಲದಿದ್ದರೆ ಮಧ್ಯದಲ್ಲಿ ಯಾವಾಗ ಬೇಕಾದ್ರೂ ಎದ್ದು ಹೋಗಬಹುದು" ಎಂದು ಅವಳು ಹೇಳಿದರೆ, "ಎದ್ದು ಹೋದ್ರೆ ಡಬ್ಬಿ ಕೊಡ್ತೀರಾ?" ಎನ್ನುತ್ತಿದ್ದರು. ಡಬ್ಬಿ ಕೊಡುವುದು ಕೊನೆಯಲ್ಲಿ. ಯಾರೂ ಎದ್ದು ಹೋಗಲಿಲ್ಲ.

ಪ್ರಶ್ನೆಗಳೋ, ದೇವರಿಗೇ ಪ್ರೀತಿ. 'ಅಪರಿಚಿತರು ಅಳುವುದನ್ನು ಕಂಡಾಗ ನಿಮಗೆ ಹಸಿವಾಗುತ್ತದೆಯೇ? ಸದಾ, ಆಗಾಗ, ಎಂದೂ ಇಲ್ಲ.' 'ಬೆಟ್ಟ ಮತ್ತು ಬಾಗಿಲು, ಇವೆರಡರಲ್ಲಿ ನಿಮ್ಮ ತಾಯಿಯನ್ನು ಯಾವುದು ಹೋಲುತ್ತದೆ?' ಜನ ಶ್ರದ್ಧೆಯಿಂದ ಯೋಚಿಸಿ ಉತ್ತರ ಕೊಟ್ಟರು. ಉತ್ತರಗಳನ್ನು ನಸೀಮಾ ಕಂಪ್ಯೂಟರಿಗೆ ಹಾಕಿದ ಮೇಲೆ ಅದು ಸ್ವಲ್ಪ ಹೊತ್ತು ಗುಂಯ್ ಎಂದು, ಆ ವ್ಯಕ್ತಿಯ ಸ್ವಭಾವದ ಫಲಿತಾಂಶವನ್ನು ತೋರಿಸುತ್ತಿತ್ತು. ಅದನ್ನು ಅವಳು ಬಾಗಿಲು ಹಾಕಿಕೊಂಡು, ಅವರೊಬ್ಬರಿಗೆ ಮಾತ್ರ ಓದಿ ಹೇಳುತ್ತಿದ್ದಳು. ಯಾರ ಹತ್ತಿರವೂ ಬಾಯಿಬಿಡಬಾರದು ಎಂಬ ಕರಾರು ಬೇರೆ.

ನಾನು ಹೋಗಲಿಲ್ಲ. ನಮ್ಮ ಅಟ್ಟದಲ್ಲಿ ಈಗಾಗಲೇ ಒಂದು ಸೈನ್ಯಕ್ಕೆ ಸಾಕಾಗುವಷ್ಟು ಡಬ್ಬಿಗಳಿವೆ. ಹೋದವನು ನನ್ನ ತಮ್ಮ ಪದ್ಮನಾಭ.

ಪದ್ದು ಶಾಲೆಯ ವ್ಯಾನು ಓಡಿಸುತ್ತಾನೆ. ಬೀದಿಯಲ್ಲಿ ಕುಂಟುವ ನಾಯಿ ಕಂಡರೆ ಸಾಕು, ವ್ಯಾನು ನಿಲ್ಲಿಸಿ ಇಳಿಯುವ ಜಾತಿ. ಸಿನಿಮಾ ನೋಡುವಾಗ ಹೆಸರು ತೋರಿಸುವ ಹೊತ್ತಿಗೇ ಅಳಲು ಶುರುಮಾಡುತ್ತಾನೆ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಹೈಮವತಿಯ ಜೊತೆ ಅವನ ಮದುವೆ ನಿಶ್ಚಯವಾಗಿತ್ತು. ಹೈಮಾ ಅವನಿಗೆ ತದ್ವಿರುದ್ಧ. ಅವಳು ಮುದ್ರೆ ಒತ್ತಿದರೆ ಪಕ್ಕದ ಕಟ್ಟಡದವರೆಗೂ ಕೇಳಿಸುತ್ತದೆ.

ಆ ದಿನ ಪದ್ದು ಮಹಡಿಯಿಂದ ಇಳಿದು ಬಂದವನು ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು ಹೊರಟೇಬಿಟ್ಟ. "ಏನೋ ಅಂದ್ರು?" ಎಂದು ಕೂಗಿದೆ. "ಹೇಳಂಗಿಲ್ಲ ಅಕ್ಕಾ" ಎಂದ, ತಿರುಗಿ ಕೂಡ ನೋಡದೆ. ಆಮೇಲೆ ಮನೆಯಲ್ಲಿ ಮಾತು ಕಡಿಮೆಯಾಯಿತು. ನಾಯಿಗಳಿಗೆ ಅನ್ನ ಹಾಕುವಾಗಲೂ ತನ್ನ ಕೈಯನ್ನೇ ಅನುಮಾನದಿಂದ ನೋಡಿಕೊಳ್ಳುತ್ತಿದ್ದ, ಆ ಕೈ ಬೇರೆ ಯಾರದೋ ಎನ್ನುವ ಹಾಗೆ. ಲಗ್ನಪತ್ರಿಕೆ ಅಚ್ಚಿಗೆ ಕೊಡಬೇಕಾದ ವಾರ, ಹೈಮಾ ನನ್ನ ಕ್ಲಿನಿಕ್ಕಿಗೇ ಬಂದು ಅವನನ್ನು ಹಿಡಿದಳು. ನನ್ನ ಕುರ್ಚಿಯಲ್ಲಿ ಒಬ್ಬರು ಬಾಯಿ ತೆರೆದುಕೊಂಡು ಮಲಗಿದ್ದರು. ಅವರೂ ಎಲ್ಲವನ್ನೂ ಕೇಳಿಸಿಕೊಂಡರು.

"ಮದುವೆ ಬೇಡ ಅಂತ ನಮ್ಮಪ್ಪನ ಹತ್ರ ಹೇಳಿದ್ಯಂತೆ. ನನ್ನ ಹತ್ರ ಹೇಳೋಕೆ ಏನಾಗಿತ್ತು?"

"ನಿನ್ನ ಒಳ್ಳೇದಕ್ಕೇ ಹೈಮಾ."

"ನನ್ನ ಒಳ್ಳೇದು ನಾನು ನೋಡ್ಕೋತೀನಿ. ನಾನು ಇಷ್ಟ ಇಲ್ಲ ಅಂತ ಹೇಳು ನೋಡೋಣ, ಬಿಕ್ಕಳಿಕೆ ಬರುತ್ತೋ ಇಲ್ವೋ ಗೊತ್ತಾಗ್ಲಿ."

ಪದ್ದು ಗೋಡೆಗೊರಗಿ ನಿಂತ. "ಇಷ್ಟ ಇದೆ. ಇದೆ ಅಂತ ನನಗನ್ಸುತ್ತೆ. ಆದ್ರೆ ಆ ಅನ್ಸೋದನ್ನೇ ನಂಬಂಗಿಲ್ವಂತೆ. ನನ್ನಲ್ಲಿ ಮಮತೆ ಅನ್ನೋ ಅಂಶವೇ ಇಲ್ಲ. ಪ್ರೀತಿ ಅಂತ ನಾನು ಅಂದ್ಕೊಂಡಿರೋದು ಬರೀ ಅಭ್ಯಾಸ. ಹತ್ತಿರದವರನ್ನ ಒಂದಿನ ಕೈಬಿಟ್ಟು ಹೋಗ್ತೀನಿ. ನಸೀಮಾ ಮೇಡಂ ಓದಿದ್ರು. ಒಂದು ಸಲಾನೂ ಬಿಕ್ಕಳಿಸ್ಲಿಲ್ಲ."

"ನೀನು ಈಗ ಇಷ್ಟ ಇದೆ ಅಂದ್ಯಲ್ಲ, ನೀನೂ ಬಿಕ್ಕಳಿಸ್ಲಿಲ್ಲ!"

"ಅದು ಬರೋದು ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಹೇಳಿದ್ರೆ ತಾನೆ? ನಿಜ ಅಂತ ನಂಬ್ಕೊಂಡು ಸುಳ್ಳು ಹೇಳಿದ್ರೆ ಬರಲ್ಲ. ನನಗೇ ಗೊತ್ತಿಲ್ದಿರೋ ಸುಳ್ಳು ನಾನು, ಹೈಮಾ."

ಹೈಮಾ ತನ್ನ ಚೀಲ ಹೆಗಲಿಗೇರಿಸಿದಳು. "ಯಾವಳೋ ಹೇಳಿದ್ದನ್ನ ನಂಬಿದೆ, ನಾನು ಹೇಳಿದ್ದನ್ನ ನಂಬಲ್ಲ" ಎಂದು ಹೇಳಿ ಹೊರಟುಹೋದಳು. ಪದ್ದು ಹಿಂದಿನ ಬಾಗಿಲಿನಿಂದ ಹೋದ. ಕುರ್ಚಿಯಲ್ಲಿದ್ದವರು ಬಾಯಿ ಮುಚ್ಚಿ "ನನಗೂ ಅದನ್ನೇ ಹೇಳಿದ್ರು ಡಾಕ್ಟ್ರಮ್ಮ" ಎಂದು ಮೆಲ್ಲಗೆ ಹೇಳಿದರು. ಅವರು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಸೋಮೇಗೌಡರು. "ಅಭ್ಯಾಸ ಅನ್ನೋ ಮಾತೂ ಅದೇ, ಕೈಬಿಡೋ ಮಾತೂ ಅದೇ. ಒಂದಕ್ಷರ ವ್ಯತ್ಯಾಸ ಇಲ್ಲ."

ನನ್ನ ಕೈಯಲ್ಲಿದ್ದ ಕನ್ನಡಿ ಅಲ್ಲೇ ನಿಂತಿತು. ಇಬ್ಬರು ಬೇರೆ ಬೇರೆ ಮನುಷ್ಯರಿಗೆ ಒಂದೇ ಸ್ವಭಾವ, ಒಂದೇ ವಾಕ್ಯ. ಜೊತೆಗೆ ಪದ್ದು ಅಂದ ಮಾತು: ನಿಜವೆಂದು ನಂಬಿ ಸುಳ್ಳು ಹೇಳಿದರೆ ಬಿಕ್ಕಳಿಕೆ ಬರುವುದಿಲ್ಲ. ಪದ್ದು ಅದನ್ನು ತನಗೆ ಅನ್ವಯಿಸಿಕೊಂಡು ಕಣ್ಣೀರು ಹಾಕುತ್ತಿದ್ದ. ನಾನು ಅದನ್ನು ಹಿಡಿದುಕೊಂಡು ಮಹಡಿ ಹತ್ತಿದೆ.

"ನಸೀಮಾ, ಆ ಕಂಪ್ಯೂಟರು ಲೆಕ್ಕ ಹೇಗೆ ಹಾಕುತ್ತೆ?"

"ಸರ್ ಬರೆದ ಪ್ರೋಗ್ರಾಮ್ ಡಾಕ್ಟ್ರೇ. ನನಗೆ ಒಳಗಿಂದು ತೋರಿಸಿಲ್ಲ. ಉತ್ತರ ಹಾಕೋದು, ಬಂದಿದ್ದನ್ನ ಓದೋದು, ಅಷ್ಟೇ ನನ್ನ ಕೆಲಸ."

"ಅದು ಸರಿಯಾದ ಲೆಕ್ಕ ಅಂತ ಅವರು ನಿಂಗೆ ಎಲ್ಲಿ ಹೇಳಿದ್ದು?"

"ಲಾಡ್ಜಲ್ಲಿ."

"ಸೇತುವೆ ಆಚೆ."

ನಸೀಮಾ ಕುರ್ಚಿಯಲ್ಲಿ ಕೂತಳು. ಅವಳ ಬಣ್ಣ ಇಳಿಯುತ್ತಾ ಹೋಗುವುದನ್ನು ನಾನು ನೋಡಿದೆ. ನನ್ನ ಕುರ್ಚಿಯಲ್ಲಿ ಕೂತ ಎಷ್ಟೋ ಜನರ ಬಣ್ಣ ಇಳಿದದ್ದನ್ನು ನೋಡಿದ್ದೇನೆ, ಇದು ಬೇರೆ ಥರ. ಅಂದೇ ಸಂಜೆ ಲಾಡ್ಜಿಗೆ ಹೋಗಿ ನೇರವಾಗಿ ಕೇಳಿದಳು. ಪ್ರೊಫೆಸರು ಕುರ್ಚಿಯಲ್ಲಿ ಕಾಲು ಚಾಚಿ, ಪ್ರಪಂಚದ ಅತ್ಯಂತ ಖಚಿತವಾದ ಮಾಪನ ಇದೇ ಎಂದು ಅರ್ಧ ಗಂಟೆ ವಿವರಿಸಿದರಂತೆ. ಆಚೆ ದಡದಲ್ಲಿ ಕೂತು ಏನು ಬೇಕಾದರೂ ವಿವರಿಸಬಹುದು.

ಅವರನ್ನು ಸೇತುವೆ ದಾಟಿಸಿ ಈಚೆ ತರುವುದು ಹೇಗೋ ನಮಗೆ ಹೊಳೆಯಲಿಲ್ಲ. ವಿಷಯ ತಿಳಿದ ಹೈಮಾ, ಪ್ರೊಫೆಸರನ್ನು ಚೀಲಕ್ಕೆ ತುಂಬಿ ಪಾರ್ಸೆಲ್ ಮಾಡಿ ತರಿಸೋಣವೆಂದಳು. ತೂಕ ಮಿತಿ ಮೀರುತ್ತದೆ ಎಂದು ಅವಳೇ ಬಿಟ್ಟಳು. ಅಷ್ಟರಲ್ಲಿ ನಮ್ಮೂರಿನ ಕಡಲೆ ಚಿಕ್ಕಿ ನಮ್ಮ ಕೈಹಿಡಿಯಿತು. ಪ್ರೊಫೆಸರಿಗೆ ಆ ಚಿಕ್ಕಿಯೆಂದರೆ ಪ್ರಾಣ, ಅದನ್ನು ತಿನ್ನದ ದಿನವಿಲ್ಲ. ಅದು ಕಲ್ಲಿಗೆ ಬೆಲ್ಲ ಸವರಿದ ಹಾಗಿರುತ್ತದೆ. ನನ್ನ ಸಂಪಾದನೆಯ ಒಂದು ಭಾಗಕ್ಕೆ ನಾನು ಆ ಚಿಕ್ಕಿಯವನಿಗೇ ಋಣಿ. ಒಂದು ಬೆಳಿಗ್ಗೆ ಪ್ರೊಫೆಸರ ದವಡೆ ಹಲ್ಲು ಎರಡು ಹೋಳಾಯಿತು. ಎರಡು ದಿನ ಮಾತ್ರೆ ನುಂಗಿ ಲಾಡ್ಜಿನಲ್ಲೇ ನರಳಿದರು. ಮೂರನೆಯ ದಿನ ಕೆನ್ನೆ ಸೋರೆಕಾಯಿಯಾಗಿತ್ತು. ಸುತ್ತಮುತ್ತ ಬೇರೆ ಹಲ್ಲಿನ ಡಾಕ್ಟರಿಲ್ಲ. ಆಟೋದಲ್ಲಿ ಕಣ್ಣು ಮುಚ್ಚಿಕೊಂಡು ಸೇತುವೆ ದಾಟಿದರು.

ಅವರನ್ನು ಕುರ್ಚಿಯಲ್ಲಿ ಮಲಗಿಸಿ ದೀಪ ಬಾಯಿಗೆ ತಿರುಗಿಸಿದಾಗ ನನ್ನ ಮನಸ್ಸಿನಲ್ಲಿ ಏನೇನು ಓಡಿತು ಎಂದು ಬರೆದರೆ ನನ್ನ ಲೈಸೆನ್ಸು ಉಳಿಯುವುದಿಲ್ಲ. ಬಾಗಿಲ ಸಂದಿಯಲ್ಲಿ ಹೈಮಾ ನಿಂತು, ಈಗಲೇ ಕೇಳು ಎಂದು ಕೈಸನ್ನೆ ಮಾಡುತ್ತಿದ್ದಳು. ಇಕ್ಕಳ ನನ್ನ ಕೈಯಲ್ಲಿತ್ತು. ಹೆದರಿದ ಮನುಷ್ಯ ಕೆಳಗೆ ಮಲಗಿದ್ದ. ಆದರೆ ನೋವಿನಲ್ಲಿರುವವನ ಬಾಯಿ ನನ್ನ ಕೈಯಲ್ಲಿರುವಾಗ ಹಲ್ಲಿನ ವಿಷಯ ಬಿಟ್ಟು ಬೇರೆ ಏನನ್ನೂ ಕೇಳಬಾರದು ಎಂದು ನನಗನ್ನಿಸಿತು. ಅಷ್ಟಾದರೂ ಅಂತರ ನನಗೂ ಅವರಿಗೂ ಇರಬೇಕಿತ್ತು. "ಹಲ್ಲು ಉಳಿಯಲ್ಲ, ಕೀಳಬೇಕು. ನೋವಾಗುತ್ತೆ, ನಾಳೆನೂ ಇರುತ್ತೆ. ಬೇಡ ಅಂದ್ರೆ ಈಗಲೇ ಎದ್ದು ಹೋಗಬಹುದು" ಎಂದೆ. ಅವರು ಹೋಗಲಿಲ್ಲ. ಕಿತ್ತೆ. ಅಗತ್ಯಕ್ಕಿಂತ ಒಂದು ಚೂರೂ ಹೆಚ್ಚು ನೋವು ಮಾಡಲಿಲ್ಲ, ಇದನ್ನು ಊರೊಳಗೇ ಕೂತು ಬರೆಯುತ್ತಿದ್ದೇನೆ, ನಂಬಬಹುದು. ಹೊಲಿಗೆ ಹಾಕಿ, ಹತ್ತಿ ಕಚ್ಚಿಸಿ, ಎಬ್ಬಿಸಿ, ಹೊರಗಿನ ಬೆಂಚಿನ ಮೇಲೆ ಕೂರಿಸಿದೆ.

ಬೆಂಚಿನ ಎದುರಿಗೆ ನಸೀಮಾ ನಿಂತಿದ್ದಳು. ಪಕ್ಕದಲ್ಲಿ ಹೈಮಾ.

"ಸರ್, ಆ ಫಲಿತಾಂಶಗಳೆಲ್ಲ ನಿಜವಾದ ಲೆಕ್ಕ ತಾನೆ?" ಎಂದು ನಸೀಮಾ ಕೇಳಿದಳು. ಅವಳ ದನಿಯಲ್ಲಿ ಇನ್ನೂ ಸ್ವಲ್ಪ ಆಸೆಯಿತ್ತು.

ಪ್ರೊಫೆಸರು ಹತ್ತಿ ಕಚ್ಚಿಕೊಂಡೇ "ಹೂಂ" ಎಂದರು. ಬಿಕ್ಕಳಿಕೆ ಎಷ್ಟು ಜೋರಾಗಿ ಬಂತೆಂದರೆ ಹತ್ತಿ ಹಾರಿ ಹೈಮಾಳ ಚಪ್ಪಲಿಯ ಮೇಲೆ ಬಿತ್ತು. ಬೆಂಚಿನ ಮೇಲಿದ್ದವರೆಲ್ಲ ಅಭ್ಯಾಸಬಲದಿಂದ ಕಿಟಕಿಯ ಕಡೆ ನೋಡಿದರು. ಹೈಮಾ ನೋಡಲಿಲ್ಲ. ಅವಳು ಅವರ ಮುಖವನ್ನೇ ನೋಡಿದಳು.

ಆಮೇಲೆ ಎಲ್ಲ ಹೊರಬಂತು. ಕಂಪ್ಯೂಟರು ಯಾರ ಉತ್ತರವನ್ನೂ ನೋಡುತ್ತಿರಲಿಲ್ಲ. ನಾಣ್ಯ ಚಿಮ್ಮಿದ ಹಾಗೆ ಅರ್ಧ ಜನಕ್ಕೆ ಮಮತೆಯಿಲ್ಲ ಎಂದು ಹೇಳುತ್ತಿತ್ತು, ಉಳಿದರ್ಧಕ್ಕೆ ನಿಮ್ಮಲ್ಲಿ ಅಪರೂಪದ ಧೈರ್ಯವಿದೆ, ಅದನ್ನು ನೀವು ಇನ್ನೂ ಬಳಸಿಯೇ ಇಲ್ಲ ಎಂದು ಹೇಳುತ್ತಿತ್ತು. "ಸುಳ್ಳಿನ ಅಭ್ಯಾಸವೇ ಇಲ್ಲದ ಜನ ಪ್ರಪಂಚದಲ್ಲಿ ಬೇರೆಲ್ಲೂ ಸಿಗಲ್ಲ ಡಾಕ್ಟರೇ" ಎಂದು ಅವರು ಮರಗಟ್ಟಿದ ತುಟಿಯಲ್ಲೇ ಹುಮ್ಮಸ್ಸಿನಿಂದ ಹೇಳಿದರು. "ಒಂದು ಸುಳ್ಳು ಇಂಥವರ ಬದುಕನ್ನ ಎಷ್ಟು ದೂರ ತಿರುಗಿಸುತ್ತೆ ಅಂತ ನೋಡೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ನೈತಿಕ ಸಮಿತಿ ಒಪ್ಪಿಗೆ ಕೊಟ್ಟಿದೆ." ಬಿಕ್ಕಳಿಕೆ ಬರಲಿಲ್ಲ. ಸಮಿತಿ ನಿಜವಾಗಿಯೂ ಒಪ್ಪಿತ್ತು. 'ಅತ್ಯಲ್ಪ ಅಸೌಕರ್ಯ' ಎಂದು ಬರೆದುಕೊಟ್ಟಿದ್ದನ್ನು ಬೋಂಡ ತಿನ್ನುತ್ತಾ ಓದಿ ಸಹಿ ಹಾಕಿತ್ತು. "ಅಧ್ಯಯನ ಮುಗಿದ ಮೇಲೆ ಎಲ್ಲರಿಗೂ ನಾನೇ ಬಂದು ನಿಜ ತಿಳಿಸೋನಿದ್ದೆ" ಎಂದರು. ಇದಕ್ಕೆ ಸಣ್ಣದೊಂದು ಬಿಕ್ಕಳಿಕೆ ಬಂತು. ನಾನು ನೀರು ತಂದಿಟ್ಟೆ.

ನಸೀಮಾ ಬೆಂಚಿನ ಹತ್ತಿರ ಬಂದಳು. "ನನ್ನ ಬಾಯಲ್ಲಿ ಹೇಳಿಸಿದ್ರಲ್ಲ ಸರ್" ಎಂದಳು. "ಒಬ್ಬ ಅಜ್ಜಿ ನನ್ನ ಕೈ ಹಿಡ್ಕೊಂಡು, ನಾನು ಮಕ್ಕಳನ್ನ ಪ್ರೀತಿಸ್ಲೇ ಇಲ್ವಾ ತಾಯಿ ಅಂತ ಕೇಳಿದ್ರು. ಇಲ್ಲ ಅಂತ ನಾನು ಹೇಳ್ದೆ. ನನಗಾದ್ರೂ ಹೇಳ್ಬಹುದಿತ್ತು."

"ನಿನಗೆ ಹೇಗಮ್ಮ ಹೇಳೋದು? ನೀನೂ ಅಧ್ಯಯನದಲ್ಲೇ ಇದ್ದೆ. ತಾನು ಓದಿದ್ದು ಜನರನ್ನ ಹೀಗೆ ಅಳಿಸ್ತಾ ಇದ್ರೂ ಒಬ್ಬ ವಿದ್ಯಾರ್ಥಿ ಎಲ್ಲೀವರೆಗೆ ಓದ್ತಾ ಹೋಗ್ತಾಳೆ ಅನ್ನೋದು ಎರಡನೇ ಭಾಗ."

ಬಿಕ್ಕಳಿಕೆ ಇಲ್ಲ. ಬೆಂಚಿನ ಮೇಲಿದ್ದ ಯಾರೋ "ಅಯ್ಯೋ" ಎಂದರು. ನಸೀಮಾ ಕೆನ್ನೆಗೆ ಹೊಡೆಯುತ್ತಾಳೆಂದುಕೊಂಡೆ. ಹೊಲಿಗೆ ಬಿಚ್ಚೀತೆಂದು ಒಂದು ಹೆಜ್ಜೆ ಮುಂದಿಟ್ಟೆ ಕೂಡ. ಅವಳು ಹೊಡೆಯಲಿಲ್ಲ. "ನನಗೆ ಡಬ್ಬಿ ಕೊಟ್ಟಿಲ್ಲ ಸರ್ ನೀವು" ಎಂದಳು. ಆಮೇಲೆ ಕಣ್ಣೊರೆಸಿಕೊಂಡು, "ಏಳಿ. ಎಲ್ಲರ ಮನೆಗೂ ಹೋಗಿ ಹೇಳ್ಬೇಕು" ಎಂದಳು.

ಮೈಕಿನಲ್ಲಿ ಒಮ್ಮೆಗೇ ಹೇಳಿಬಿಡುತ್ತೇನೆ ಎಂದು ಪ್ರೊಫೆಸರು ಚೌಕಾಶಿ ಮಾಡಿದರು. ನಸೀಮಾ ಒಪ್ಪಲಿಲ್ಲ. ಒಬ್ಬೊಬ್ಬರಿಗೇ ಬಾಗಿಲು ಹಾಕಿಕೊಂಡು ಹೇಳಿದ್ದು, ಒಬ್ಬೊಬ್ಬರಿಗೇ ಹೇಳಬೇಕು ಎಂದಳು. ಹೀಗೆ ಕೆನ್ನೆಗೆ ಮಫ್ಲರು ಸುತ್ತಿಕೊಂಡ ಪ್ರೊಫೆಸರು ಮುಂದೆ, ನಸೀಮಾ, ನಾನು, ಹೈಮಾ ಹಿಂದೆ, ಮೆರವಣಿಗೆ ಹೊರಟಿತು.

ಮೊದಲು ನಮ್ಮ ಮನೆ. ಪದ್ದು ವ್ಯಾನು ತೊಳೆಯುತ್ತಿದ್ದ. ಕೈಯಲ್ಲಿ ನೀರಿನ ಪೈಪು ಹಿಡಿದುಕೊಂಡೇ ಎಲ್ಲ ಕೇಳಿಸಿಕೊಂಡ, ನೀರು ಅವನ ಪಾದದ ಮೇಲೆ ಹರಿಯುತ್ತಿತ್ತು. "ಹಾಗಾದ್ರೆ ನನ್ನಲ್ಲಿ ಮಮತೆ ಇದೆಯಾ ಸಾರ್?" ಎಂದು ಕೇಳಿದ. "ಅದು ನನಗೆ ಗೊತ್ತಿಲ್ಲಪ್ಪ, ನಾವು ಅಳೆದೇ ಇಲ್ಲ" ಎಂದರು ಪ್ರೊಫೆಸರು. ಅವರ ಬಾಯಿಂದ ಆ ದಿನ ಬಂದ ಅತ್ಯಂತ ಸತ್ಯವಾದ ಮಾತು ಅದೇ ಇರಬೇಕು. ಪದ್ದು ಹೈಮಾಳ ಕಡೆ ನೋಡಿ ನಕ್ಕ. ಹೈಮಾ ನಗಲಿಲ್ಲ. "ಸುಳ್ಳು ಹೇಳಿದೋರು ಇವರು, ಸರಿ. ನಂಬಿದೋನು ನೀನು" ಎಂದಳು. ಅದೂ ನಿಜವೇ ಆಗಿತ್ತು. ಪದ್ದುವಿನ ನಗು ಅಲ್ಲೇ ಇಂಗಿಹೋಯಿತು.

ಉಳಿದ ಮನೆಗಳಲ್ಲಿ ಒಂದೊಂದು ಕಥೆ. ಒಬ್ಬರು ಪ್ರೊಫೆಸರನ್ನು ತಬ್ಬಿಕೊಂಡು ಅತ್ತರು, ಇನ್ನೊಬ್ಬರು ಡಬ್ಬಿಯ ಮುಚ್ಚಳ ಎಸೆದರು. ಮಕ್ಕಳನ್ನು ಪ್ರೀತಿಸಲೇ ಇಲ್ಲವೇ ಎಂದು ಕೇಳಿದ್ದ ಅಜ್ಜಿ ಊರಲ್ಲಿರಲಿಲ್ಲ. ಆಚೆ ಊರಿನ ಮಗಳ ಮನೆಗೆ ಕ್ಷಮೆ ಕೇಳಲು ಹೋಗಿದ್ದರು. ನಸೀಮಾ ಅಲ್ಲಿಯೇ ನಿಂತು ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದಳು. ಡ್ರಾಯಿಂಗ್ ಮೇಷ್ಟ್ರು ಸೋಮೇಗೌಡರು ಮಾತ್ರ ಎಲ್ಲ ಕೇಳಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, "ಇದನ್ನ ನಮ್ಮನೆಯವಳಿಗೆ ಹೇಳ್ಬೇಡಿ. ಮಮತೆ ಇಲ್ಲ ಅಂತಾದ ಮೇಲೆ ಅವಳ ಅಣ್ಣಂದಿರ ಮನೆಗೆ ನನ್ನ ಕರೆಯೋದು ಬಿಟ್ಟಿದಾಳೆ" ಎಂದರು.

ಕೊನೆಗೆ ಉಳಿದವರು ಹಿಟ್ಟಿನ ಗಿರಣಿಯ ಚೆನ್ನವೀರಮ್ಮ. ಗಂಡ ಹೋದ ಮೇಲೆ ಗಿರಣಿಯನ್ನು ಮೈದುನ ನುಂಗಿ ಕೂತಿದ್ದ. ಅತ್ತಿಗೆಯನ್ನು ಅಡುಗೆಮನೆಗೆ ಅಟ್ಟಿ, ತಾನು ಜಗುಲಿಯಲ್ಲಿ ಆರಾಮಕುರ್ಚಿ ಹಾಕಿಕೊಂಡಿದ್ದ. ಜೋರಾಗಿ ಕೆಮ್ಮಿದರೂ ಬೆಚ್ಚುತ್ತಿದ್ದ ಹೆಂಗಸು ಆಕೆ. ಮಹಡಿ ಮೇಲೆ 'ಅಪರೂಪದ ಧೈರ್ಯ' ಎಂದು ಓದಿಸಿಕೊಂಡು ಬಂದ ಮರುದಿನವೇ ಮೈದುನನ ಹಾಸಿಗೆ ಸುತ್ತಿ ಬೀದಿಗಿಟ್ಟರು. ಗಿರಣಿಯ ಬೀಗ ಬದಲಾಯಿಸಿದರು. ಈಗ ಪುರಸಭೆಗೆ ನಿಂತಿದ್ದರು. ಆಚೆ ದಡದಲ್ಲಿ ವೇದಿಕೆ ಹಾಕಿಸದೆ ಊರ ನಡುವೆಯೇ ನಿಂತು, ಬಿಕ್ಕಳಿಸದೆ ಭಾಷಣ ಮಾಡುತ್ತಿದ್ದ ಮೊದಲನೆಯ ಅಭ್ಯರ್ಥಿ.

ಗಿರಣಿಯ ಮೂಲೆಯಲ್ಲಿ ನಮ್ಮ ಮೆರವಣಿಗೆ ನಿಂತಿತು. "ಇವರೊಬ್ರಿಗೆ ಹೇಳೋದು ಬೇಡ" ಎಂದೆ ನಾನು. "ಹೇಳಿ ಏನು ಸಾಧಿಸಿದ ಹಾಗಾಗುತ್ತೆ? ಮೈದುನ ಬಾಗಿಲಲ್ಲೇ ಕಾಯ್ತಿದಾನೆ." ಪ್ರೊಫೆಸರು ಕೃತಜ್ಞತೆಯಿಂದ ತಲೆಯಾಡಿಸಿದರು, ಅವರಿಗೆ ಕಾಲು ನೋಯುತ್ತಿತ್ತು. ಅವರು ನನ್ನ ಪಕ್ಷಕ್ಕೆ ಬಂದದ್ದು ನೋಡಿ ನನಗೆ ಸಂಶಯ ಶುರುವಾಯಿತು. ನಸೀಮಾ, "ಅವರಿಗೆ ಯಾವುದು ಒಳ್ಳೇದು ಅಂತ ಅವರನ್ನ ಕೇಳ್ದೆ ನಾವೇ ತೀರ್ಮಾನ ಮಾಡಿದ್ರೆ, ಸರ್ ಮಾಡಿದ್ದು ಇನ್ನೇನು ಡಾಕ್ಟ್ರೇ?" ಎಂದಳು. ನಾನೇ ಮೊದಲು ಗಿರಣಿಯ ಹೊಸ್ತಿಲು ದಾಟಿದೆ.

ಚೆನ್ನವೀರಮ್ಮ ಮೈಯೆಲ್ಲ ಹಿಟ್ಟಾಗಿ ಯಂತ್ರದ ಪಕ್ಕ ನಿಂತಿದ್ದರು. ನಮ್ಮನ್ನು ಕಂಡು ಯಂತ್ರ ನಿಲ್ಲಿಸಿದರು. ಪ್ರೊಫೆಸರು ಹೇಳಬೇಕಾದದ್ದನ್ನು ಹೇಳಿದರು. ಆಕೆ ಚೀಲದ ಮೇಲೆ ಕೂತುಬಿಟ್ಟರು. ನಾನು ನಸೀಮಾಳನ್ನು ಸಿಟ್ಟಿನಿಂದ ನೋಡಿದೆ.

"ಧೈರ್ಯ ಇದೆ ಅಂದಿದ್ದು ಸುಳ್ಳಾ?"

"ಹೌದು."

"ಹಾಗಾದ್ರೆ ಅವನ ಹಾಸಿಗೆ ಹೊರಗಿಟ್ಟಿದ್ದು ಯಾರು ಮೇಷ್ಟ್ರೇ?"

ಪ್ರೊಫೆಸರು ಮಫ್ಲರನ್ನು ಬಾಯಿಂದ ಸರಿಸಿದರು. "ನೀವೇ" ಎಂದರು.

"ಪುರಸಭೆಗೆ ನಿಂತಿರೋದು?"

"ನೀವೇ ಅಮ್ಮ."

ಚೆನ್ನವೀರಮ್ಮ ಸೆರಗಿನ ಹಿಟ್ಟು ಕೊಡವಿಕೊಂಡರು. ನಮಗೆ ಕುಡಿಯಲು ಏನು ಕೊಡಲಿ ಎಂದೂ ಕೇಳಲಿಲ್ಲ. ಎದ್ದು ಬಾಗಿಲವರೆಗೆ ಹೋಗಿ ಬೀದಿಯಲ್ಲಿ ಬೀಡಿ ಸೇದುತ್ತಿದ್ದ ಮೈದುನನನ್ನು ಒಮ್ಮೆ ನೋಡಿದರು. ಅವನು ಬೀಡಿ ಬಿಸಾಕಿದ. ಆಕೆ ವಾಪಸು ಬಂದು, "ಜನ ಹಿಟ್ಟಿಗೆ ಕಾಯ್ತಿದಾರೆ, ಜಾಗ ಬಿಡಿ" ಎಂದು ಯಂತ್ರ ಚಾಲೂ ಮಾಡಿದರು. ಚುನಾವಣೆಯಲ್ಲಿ ಸೋತರು, ಅದು ಬೇರೆ ವಿಷಯ. ಆದರೆ ಸೋತ ದಿನವೂ ಗಿರಣಿ ಮುಚ್ಚಲಿಲ್ಲ.

ಪ್ರೊಫೆಸರು ಅಂದೇ ಗಂಟುಮೂಟೆ ಕಟ್ಟಿದರು. ನಸೀಮಾ ಮರುದಿನ ಬಸ್ಸು ಹಿಡಿದು ಅಜ್ಜಿಯ ಮಗಳ ಮನೆಗೆ ಹೋದಳು, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಹೋಗಿ ದೂರು ಕೊಟ್ಟಳು. ವಿಷಯವನ್ನು ಗಂಭೀರವಾಗಿ ಪರಿಗಣಿಸಲಾಗುವುದು ಎಂದು ಉತ್ತರ ಬಂತು. ಉತ್ತರ ಬಂದದ್ದು ಆಚೆ ಕಡೆಯಿಂದ, ಹಾಗಾಗಿ ಅದರ ಬಗ್ಗೆ ನಾನೇನೂ ಹೇಳಲಾರೆ.

ಪದ್ದು ಮತ್ತು ಹೈಮಾಳ ವಿಷಯ ಅಷ್ಟು ಸುಲಭಕ್ಕೆ ಬಗೆಹರಿಯಲಿಲ್ಲ. ಸುಳ್ಳನ್ನು ಸುಳ್ಳೆಂದು ಹೇಳಿದ ಮಾತ್ರಕ್ಕೆ ಅದು ಮಾಡಿದ ಗಾಯ ಮಾಯುವುದಿಲ್ಲ ಎನ್ನುವುದನ್ನು ನಾನು ನನ್ನ ಮನೆಯಲ್ಲೇ ನೋಡಿದೆ. ಹೈಮಾ ಮಾತು ಬಿಟ್ಟಳು. ಪದ್ದು ಪತ್ರ ಕೊಟ್ಟರೆ ಅಂಚೆಚೀಟಿ ಹಚ್ಚಿಲ್ಲವೆಂದು ವಾಪಸು ಕೊಟ್ಟಳು. ಅವನಿಗೂ ಒಳಗೊಳಗೇ ಅನುಮಾನ ಪೂರ್ತಿ ಹೋಗಿರಲಿಲ್ಲ. ಯಾರೂ ಅಳೆದಿಲ್ಲ ಎಂದರೆ ಇದೆ ಎಂದೂ ಅಲ್ಲವಲ್ಲ, ಎನ್ನುತ್ತಿದ್ದ.

ಒಂದು ಸೋಮವಾರ, ಅಂಚೆ ಕಚೇರಿ ಕಿಕ್ಕಿರಿದಿತ್ತು. ನಾನು ಪಾರ್ಸೆಲ್ ಕಳಿಸಲು ಸಾಲಿನಲ್ಲಿದ್ದೆ. ನನ್ನ ಮುಂದೆ ಪದ್ದು. ಅವನ ಸರದಿ ಬಂದಾಗ ಕೌಂಟರಿನ ಕಂಬಿಗಳನ್ನು ಹಿಡಿದುಕೊಂಡ.

"ನಿನ್ನ ಒಂದಿನ ಬಿಟ್ಟು ಹೋಗ್ತೀನೋ ಇಲ್ವೋ ನಂಗೊತ್ತಿಲ್ಲ ಹೈಮಾ. ಯಾರಿಗೂ ಗೊತ್ತಿರಲ್ಲ ಅನ್ಸುತ್ತೆ. ಇವತ್ತು ಹೋಗಲ್ಲ."

ಇಡೀ ಸಾಲು ಉಸಿರು ಬಿಗಿಹಿಡಿದು ಕಾಯಿತು. ಏನೂ ಆಗಲಿಲ್ಲ. ಹೈಮಾ ತಲೆಯೆತ್ತದೆ, "ನಾಳೆ?" ಎಂದಳು.

"ನಾಳೆ ಬಂದು ಹೇಳ್ತೀನಿ."

"ನೆಕ್ಸ್ಟ್" ಎಂದಳು ಹೈಮಾ, ಮುದ್ರೆ ಬಡಿಯುತ್ತಾ.

ಅವನು ಮರುದಿನ ಹೋದ, ಸಾಲಿನಲ್ಲಿ ನಿಂತ, ಹೇಳಿದ, ವಾಪಸು ಬಂದ. ಅದರ ಮರುದಿನವೂ ಹೋದ. ಪಿಂಚಣಿಯ ದಿನ ಸಾಲು ಬೀದಿಯವರೆಗೆ ಬೆಳೆದಿದ್ದರೂ ನಿಂತ. ಹಿಂದಿನವರು ಗೊಣಗುವುದು ಬಿಟ್ಟು ಅವನಿಗೆ ಜಾಗ ಹಿಡಿದಿಡಲು ಶುರುಮಾಡಿದರು. ಮಾವಿನ ಕಾಲ ಮುಗಿಯಿತು, ಶಾಲೆಗಳು ತೆರೆದವು. ಒಂದು ದಿನ ಅವನು ಕೌಂಟರು ತಲುಪುವ ಮೊದಲೇ ಹೈಮಾ ಮುದ್ರೆಯನ್ನು ಪಕ್ಕಕ್ಕಿಟ್ಟು, ಇಡೀ ಅಂಚೆ ಕಚೇರಿಗೆ ಕೇಳಿಸುವ ಹಾಗೆ ಹೇಳಿದಳು:

"ದಿನಾ ಕ್ಯೂ ನಿಂತು ಬೇರೆಯವರ ಕೆಲಸ ಯಾಕೆ ಕೆಡಿಸ್ತೀಯ? ಅದನ್ನ ಮನೇಲಿ ಹೇಳು ಹೋಗು."